ಕಡಲ ತಡಿಯ ಕ್ಯಾಂಪಸ್ಸಿಗೆ ಹೋದ ಕೌದಿ

ಇಂಗಳೇಶ್ವರದಿಂದ ವಿಮಾನದವರೆಗೆ

ಪರದೇಶಕ್ಕೆ ಹೋಗಿಬಂದವರು ಮೊದಲು ಅಲ್ಲಿನ ಚಳಿಯ ವಿಷಯ ಹೇಳುತ್ತಾರೆ. ನಾನು ಕೌದಿಯಿಂದ ಶುರು ಮಾಡಬೇಕು. ನಮ್ಮ ಸಾಮಾನಿನಲ್ಲಿ ಎಲ್ಲಕ್ಕಿಂತ ಭಾರವಾಗಿದ್ದದ್ದು ಅದು. ನನ್ನ ಮಾನ ಹೋದದ್ದೂ ಅದರ ದೆಸೆಯಿಂದಲೇ.

ನಾನು ಬಸವನ ಬಾಗೇವಾಡಿಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಮನೆ ಇಂಗಳೇಶ್ವರದಲ್ಲಿ, ದಿನಾ ಬಸ್ಸಿನ ಓಡಾಟ. ನನ್ನ ಅತ್ತೆ ನೀಲವ್ವ ಸುತ್ತಿನ ನಾಲ್ಕೂರಿಗೆ ಗೊತ್ತಿರುವ ಕೌದಿಗಾರ್ತಿ. ಹಳೆಯ ಸೀರೆ, ಧೋತರಗಳನ್ನು ಒಂದರ ಮೇಲೊಂದು ಹಾಸಿ, ಕೂತ ಜಾಗದಲ್ಲೇ ಸರಿಯುತ್ತ ಸರಿಯುತ್ತ ಹೊಲಿದು ಮುಗಿಸುವ ಅವರ ಕೈಯನ್ನು, ಹಿಂದೊಮ್ಮೆ ಸ್ಕಾಟ್ಲೆಂಡಿನಿಂದ ಬಂದಿದ್ದ ಒಬ್ಬ ವಿದ್ಯಾರ್ಥಿನಿ ವಿಡಿಯೋ ಮಾಡಿಕೊಂಡು ಹೋಗಿದ್ದಳು. ಅವಳ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದಿಂದ ಪತ್ರ ಬಂತು. ಹತ್ತು ದಿನ ಬಂದು ಕೌದಿ ಹೊಲಿದು ತೋರಿಸಬೇಕು, ಜೊತೆಗೆ ಮಾತು ತಿಳಿಸಲು ಸೊಸೆಯೂ ಬರಬಹುದು ಎಂದು. ಆ ಊರಿನ ಹೆಸರು ನಾನು ಬರೆಯುವುದಿಲ್ಲ. ಅಲ್ಲಿಯವರು ನಾಚಿಕೊಳ್ಳುವಂಥದ್ದು ಏನೂ ಮಾಡಲಿಲ್ಲ, ಮಾಡಿದವಳು ನಾನು.

ತೋರಿಸುವುದಕ್ಕೆಂದು ಎರಡು ಹೊಸ ಕೌದಿ ಕಟ್ಟಿಕೊಂಡಿದ್ದೆವು. ಮೂರನೆಯದು ಅತ್ತೆ ದಿನಾ ಹೊದೆಯುವುದು. ಅದರ ಕೊನೆಯ ಮೂಲೆ ಹೊಲಿದವಳು ಅತ್ತೆಯ ಮಗಳು ಗಿರಿಜಾ, ನಾನು ಈ ಮನೆಗೆ ಬರುವ ಮೊದಲೇ ಹದಿನಾರಕ್ಕೆ ಕಾಮಾಲೆಯಾಗಿ ತೀರಿಹೋದ ನನ್ನ ನಾದಿನಿ. ನಮ್ಮ ಮನೆತನದಲ್ಲಿ ಕೌದಿಯ ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೊಂದು ತುಣುಕು ಕಡಕ್ ರೊಟ್ಟಿ ಇಟ್ಟು ಹೊಲಿಯುತ್ತಾರೆ. ಕೌದಿ ಹಸಿದಿರಬಾರದಂತೆ. ಗಿರಿಜಾ ತಾನು ತಿನ್ನುತ್ತಿದ್ದ ರೊಟ್ಟಿಯನ್ನೇ ಮುರಿದಿಟ್ಟು, ಒಂದು ಉದ್ದ ಒಂದು ಗಿಡ್ಡ ಸೊಟ್ಟ ಹೊಲಿಗೆ ಹಾಕಿ ಮುಚ್ಚಿದ್ದಳು. ಬಿಚ್ಚಿ ಮತ್ತೆ ಹೊಲಿ ಎಂದು ಅತ್ತೆ ಬೈದರೂ ಕೇಳಲಿಲ್ಲವಂತೆ. ಆ ವರ್ಷವೇ ಹೋದಳು. ಅಂದಿನಿಂದ ಕೌದಿ ಒಗೆಯುವಾಗ ಅತ್ತೆ ಆ ಮೂಲೆಯೊಂದನ್ನು ನೀರಿಗೆ ಬಿಡದೆ ಎಡಗೈಯಲ್ಲಿ ಎತ್ತಿ ಹಿಡಿದು, ಉಳಿದದ್ದನ್ನು ಒಂದೇ ಕೈಯಲ್ಲಿ ಒಗೆಯುತ್ತಾರೆ. ಎಷ್ಟು ಸಲ ನೋಡಿದ್ದೇನೋ.

ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ತಪಾಸಣೆಯವನು ಗಂಟು ಬಿಚ್ಚಿಸಿ ಆ ಕೌದಿಯನ್ನು ಹಿಂದೆ ಮುಂದೆ ತಿರುಗಿಸಿದ. ಅತ್ತೆ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತರು.

"ಹಾಸಿ ನೋಡಪಾ, ಬೇಕಾದ್ರ ಹೊತ್ಕೊಂಡೂ ನೋಡು. ಬಾಂಬ್ ಇಟ್ಟು ಹೊಲಿಯಾಕ ನನಗೇನು ಬ್ಯಾರೆ ಕೆಲಸ ಇಲ್ಲೇನು?"

ಬಾಂಬ್ ಎನ್ನುವ ಮಾತಿಗೆ ಭಾಷಾಂತರ ಬೇಕಿಲ್ಲವಲ್ಲ. ಇನ್ನಿಬ್ಬರು ಬಂದರು, ಅರ್ಧ ತಾಸು ಹೋಯಿತು. ಅಲ್ಲಿಯೇ ನಾನು ಮನಸ್ಸಿನಲ್ಲಿ ಒಂದು ಗಂಟು ಹಾಕಿಕೊಂಡೆ: ಇನ್ನು ಮುಂದೆ ಅತ್ತೆಯ ಮಾತನ್ನು ಸ್ವಲ್ಪ ಸೋಸಿಯೇ ಹೊರಗೆ ಬಿಡಬೇಕು.

ಹುಲ್ಲಿನ ಅಂಗಳ

ಕಡಲಿಗೆ ಬೆನ್ನು ಮಾಡಿ ನಿಂತ ಕಪ್ಪುಗಲ್ಲಿನ ಕಟ್ಟಡಗಳು, ನಡುವೆ ಚೌಕಾಕಾರದ ಅಂಗಳ, ಅಂಗಳದ ತುಂಬ ಹುಲ್ಲು. ನಮ್ಮನ್ನು ಕರೆದೊಯ್ಯಲು ಬಂದವರು ಹೆಲೆನ್, ವಸ್ತುಸಂಗ್ರಹಾಲಯದ ಬಟ್ಟೆಗಳ ವಿಭಾಗ ನೋಡಿಕೊಳ್ಳುವ ಹೆಂಗಸು. ವಯಸ್ಸು ಐವತ್ತರ ಮೇಲೆ, ಮಾತು ಮೆಲ್ಲಗೆ. ಹುಲ್ಲಿನ ಮೇಲೆ ಕಾಲಿಡುವ ಹಕ್ಕು ಪ್ರೊಫೆಸರುಗಳಿಗೆ ಮಾತ್ರ, ಉಳಿದವರು ಸುತ್ತು ಹಾಕಿ ಹೋಗಬೇಕು ಎಂದು ಅವರು ನಗುತ್ತ ವಿವರಿಸಿದರು. ಅತ್ತೆ ನಿಂತು ಅಂಗಳವನ್ನು ಒಂದು ಸಲ ಅಳೆದು ನೋಡಿದರು.

"ಇಷ್ಟು ಮೇವು ಬೆಳೆಸ್ಯಾರ, ಒಂದ ಆಕಳಾ ಕಾಣವಲ್ದು. ಮಾಸ್ತರು ತಿಂತಾರೇನ ಇದನ್ನ?"

ಹೆಲೆನ್ ನನ್ನ ಮುಖ ನೋಡಿದರು. "ಹುಲ್ಲು ಬಹಳ ಚೆನ್ನಾಗಿದೆ ಅಂತಾರೆ," ಎಂದೆ ನಾನು.

ಅಂಗಳದ ಆಚೆಗೆ ಘಂಟೆಯ ಗೋಪುರ, ಪ್ರಾರ್ಥನಾ ಮಂದಿರ, ಅದರ ಪಕ್ಕದಲ್ಲಿ ಹಳೆಯ ಗ್ರಂಥಾಲಯ. ಶತಮಾನಗಳಿಂದ ಇಲ್ಲಿಗೆ ದೂರ ದೂರದ ನಾಡುಗಳಿಂದ ಓದಲು ಬರುತ್ತಾರೆ ಎಂದು ಹೆಲೆನ್ ಹೇಳಿದಾಗ ಅತ್ತೆಯ ಕಿವಿ ನಿಮಿರಿತು. ಅವರ ತವರು ಇಂಡಿ ತಾಲೂಕಿನ ಸಾಲೋಟಗಿ.

"ನಮ್ಮೂರಾಗೂ ಹಿಂಗ ದೊಡ್ಡ ಸಾಲಿ ಇತ್ತು ಅಂತ ಹೇಳು ಶೈಲಾ. ದೇಶಾಂತರದಿಂದ ಓದಾಕ ಬರ್ತಿದ್ರಂತ. ಅವರಿಗೆ ಇರಾಕ ಮನಿ ಕೊಟ್ಟಿದ್ರಂತ. ಕಂಬದ ಮ್ಯಾಲ ಕೆತ್ತ್ಯಾರ. ನಮ್ಮಪ್ಪ ಹೇಳ್ತಿದ್ದ."

ಅತ್ತೆ ಹೇಳಿದ್ದು ನಿಜ. ಆ ಊರಿನ ಮದುವೆ ಮುಂಜಿವೆಗಳಲ್ಲಿ ಶಾಲೆಗೆಂದು ಕಾಣಿಕೆ ತೆಗೆದಿಡಬೇಕು ಎಂದೂ ಆ ಕಂಬದಲ್ಲಿ ಇದೆಯಂತೆ. ಆದರೆ ಬಂದ ಮೊದಲ ತಾಸಿನಲ್ಲೇ ನಮ್ಮದೂ ಇತ್ತು ಎಂದು ಹೇಳಿದರೆ ಜಂಬವೆನಿಸೀತು ಎಂದು ನಾನು ಆ ಮಾತನ್ನು ನುಂಗಿಬಿಟ್ಟೆ. ಈಗ ಯೋಚಿಸಿದರೆ ಹೊಟ್ಟೆ ಉರಿಯುತ್ತದೆ. ಇಲ್ಲಿಯ ಶಾಲೆ ಇವತ್ತಿಗೂ ಘಂಟೆ ಬಾರಿಸುತ್ತಿದೆ, ನಮ್ಮದು ಬರೀ ಅಕ್ಷರವಾಗಿ ಉಳಿದಿದೆ. ಆ ಅಕ್ಷರವನ್ನಾದರೂ ಹೇಳಬಹುದಿತ್ತು.

ಬಟ್ಟೆಗಳ ಕೋಣೆ

ವಸ್ತುಸಂಗ್ರಹಾಲಯದ ಮೇಲಿನ ಮಹಡಿಯಲ್ಲಿ ಬಟ್ಟೆಗಳ ಕೋಣೆ. ಮಂದ ಬೆಳಕು, ಗಾಜು ಮುಚ್ಚಿದ ಉದ್ದುದ್ದ ಖಾನೆ, ಪ್ರತಿ ಖಾನೆಯಲ್ಲೂ ಯಾರೋ ಉಟ್ಟು ಬಿಟ್ಟದ್ದು. ಮೀನುಗಾರರ ಉಣ್ಣೆ ಅಂಗಿ, ಹೆಸರಿಲ್ಲದ ಕೂಸಿನ ತಲೆಗೆ ತೊಡಿಸುತ್ತಿದ್ದ ಕುಂಚಿಗೆ. ಅತ್ತೆ ಆ ಕುಂಚಿಗೆಯ ಮುಂದೆ ಬಹಳ ಹೊತ್ತು ನಿಂತರು. ಹೊಲಿಗೆ ನೋಡುತ್ತಿದ್ದಾರೆ ಎಂದು ಹೆಲೆನ್ ಖುಷಿಪಟ್ಟರು.

ನಮ್ಮ ಕೌದಿಗಳು ಒಳಗೆ ಬರುವುದಕ್ಕೆ ಒಂದು ನಿಯಮವಿತ್ತು. ಹೊರಗಿನಿಂದ ಬಂದ ಯಾವ ಬಟ್ಟೆಯೇ ಆಗಲಿ ಮೂರು ದಿನ ದೊಡ್ಡ ಫ್ರೀಜರಿನಲ್ಲಿ ಇರಬೇಕು. ಹುಳ ಮೊಟ್ಟೆಗಳಿದ್ದರೆ ಸಾಯುತ್ತವೆ, ಇಲ್ಲವಾದರೆ ಅವು ಈ ಕೋಣೆಯ ಹಳೆಯ ಬಟ್ಟೆಗಳನ್ನೆಲ್ಲ ತಿಂದುಹಾಕುತ್ತವೆ. ಅತ್ತೆ ಹೊದೆಯುವ ಕೌದಿ ಅತಿಥಿಗೃಹದಲ್ಲೇ ಇರುವುದರಿಂದ ಫ್ರೀಜರಿಗೆ ಹೋಗಬೇಕಿರಲಿಲ್ಲ. ಆದರೆ ಅದನ್ನು ಕಂಡಕೂಡಲೇ ಹೆಲೆನ್ ಕಣ್ಣು ಅರಳಿತು. ಉಳಿದೆರಡಕ್ಕಿಂತ ಇದೇ ಚೆಂದ, ಕೊನೆಯ ದಿನದ ಪ್ರದರ್ಶನಕ್ಕೆ ಇದನ್ನೇ ಇಡೋಣ ಎಂದರು. ಅದರ ಕೆಳಗಿನ ಬರಹ ನಾನೇ ಬರೆಯಬೇಕು, ಕೊನೆಗೆ ನನ್ನ ಹೆಸರೂ ಇರುತ್ತದೆ. ಇಪ್ಪತ್ತು ವರ್ಷ ಬೇರೆಯವರ ಪಾಠ ಓದಿ ಹೇಳಿದವಳಿಗೆ ಆ ಮಾತು ಎಷ್ಟು ಸಿಹಿಯಾಗಿ ಕೇಳಿಸಿತೆಂದರೆ, ನಾನು ಅತ್ತೆಯ ಬೆನ್ನು ಹತ್ತಿದೆ.

"ಐಸ್‌ಕ್ಯಾಂಡಿ ಇಟ್ಟಂಗ ನನ್ನ ಕೌದಿ ಇಡ್ತಾರೇನ?" ಎಂದರು ಅತ್ತೆ. "ನನ್ನ ಮೈಯಾಗ ಹುಳಾ ಅದಾವೇನು?"

"ಹಂಗಲ್ರಿ ಅತ್ತ್ಯಾರ, ಎಲ್ಲಾರ ಬಟ್ಟಿಗೂ ಹಿಂಗ ಮಾಡ್ತಾರ. ಮೂರ ದಿನಾ."

ಮೂರು ದಿನದ ಮೇಲೆ ಒಂದು ತಾಸೂ ಇಲ್ಲ ಎಂದು ಮಾತು ತಗೊಂಡು, ಮೂಲೆಯನ್ನು ಒಂದು ಸಲ ಬೆರಳಿಂದ ಒತ್ತಿ ನೋಡಿ ಕೊಟ್ಟರು.

ಮರುದಿನ ಹೊಲಿಯಲು ಕೂತರೆ ಇನ್ನೊಂದು ಫಜೀತಿ. ಪಾಪ, ಹೆಲೆನ್ ಕಡೆಯವರು ಪೇಟೆಗೆ ಹೋಗಿ ಹೊಚ್ಚ ಹೊಸ ಅರಿವೆ ತಂದಿಟ್ಟಿದ್ದರು, ಮಡಿಕೆ ಮುರಿದಿರಲಿಲ್ಲ. ಅತ್ತೆ ಸೂಜಿ ಕೆಳಗಿಟ್ಟರು. "ಹೊಸಾದು ಉಡಾಕ್ರಿ ಬಾಯಾರ. ಮೈಯ್ಯುಂಡ ಅರಿವಿ ತರ್ರಿ." ಇದನ್ನು ಮಾತ್ರ ಇದ್ದದ್ದು ಇದ್ದಂತೆ ಹೇಳಿದೆ, ಬೇರೆ ದಾರಿ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ವಿದ್ಯಾರ್ಥಿಗಳು ತಮ್ಮ ಹಳೆಯ ಅಂಗಿ, ದಿಂಬಿನ ಚೀಲ, ಒಬ್ಬಳು ಅಜ್ಜಿಯ ಏಪ್ರನ್ನು ತಂದು ಗುಡ್ಡೆ ಹಾಕಿದರು. ಅತ್ತೆ ಒಂದೊಂದನ್ನೂ ಎತ್ತಿ ಇದು ಯಾರದು ಎಂದು ಕೇಳಿ, ಆಮೇಲೆ ಹಾಸಿದರು.

ಗಾಜಿನ ಮನೆ

ಕೌದಿ ಇಲ್ಲದ ಆ ದಿನಗಳಲ್ಲಿ ಅತ್ತೆಗೆ ನಿದ್ದೆ ಬರಲಿಲ್ಲ. ಅತಿಥಿಗೃಹದ ರಜಾಯಿ ಬೆಚ್ಚಗೇನೋ ಇತ್ತು. "ಹೊತ್ಕೊಂಡ್ರೂ ಮೈಮ್ಯಾಲ ಏನೂ ಇಲ್ದಂಗ ಆಗ್ತೈತಿ," ಎನ್ನುತ್ತಿದ್ದರು. ಹೊಲಿಗೆ ಮುಗಿದ ಮೇಲೆ ಸುಮ್ಮನೆ ಕೂತರೆ ಕೊರಗುತ್ತಾರೆ ಎಂದು ನಾನು ಅವರನ್ನು ಕ್ಯಾಂಪಸ್ಸು ಸುತ್ತಿಸಿದೆ.

ಪ್ರಾರ್ಥನಾ ಮಂದಿರದಲ್ಲಿ ಒಬ್ಬಳು ಒಂದೇ ಸಾಲನ್ನು ಹತ್ತಾರು ಸಲ ಆರ್ಗನ್ನಿನ ಮೇಲೆ ಬಾರಿಸಿ ಕಲಿಯುತ್ತಿದ್ದಳು. ಅತ್ತೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಕೂತು ಕೇಳಿದರು. ಹೊರಗೆ ಬಂದಾಗ ಚಪ್ಪಲಿ ಇರಲಿಲ್ಲ. ಯಾರೋ ಪುಣ್ಯಾತ್ಮರು ಕಳೆದುಹೋದ ವಸ್ತುಗಳ ಕಚೇರಿಗೆ ಮುಟ್ಟಿಸಿದ್ದರು. ಅಲ್ಲಿಗೆ ಬರಿಗಾಲಲ್ಲಿ ಹೋಗಿ, ಗುರುತು ಹೇಳಿ, ಸಹಿ ಮಾಡಿ ಬಿಡಿಸಿಕೊಂಡು ಬಂದೆವು.

ಸಸ್ಯೋದ್ಯಾನದ ಗಾಜಿನ ಮನೆಯೊಳಗೆ ಬಿಸಿನಾಡುಗಳ ಗಿಡಗಳು. ಒಂದು ಮೂಲೆಯಲ್ಲಿ ಮೊಣಕಾಲೆತ್ತರದ ಕುಂಡದಲ್ಲಿ ಒಂದೇ ಒಂದು ಜೋಳದ ದಂಟು ನಿಂತಿತ್ತು, ಕೊರಳಿಗೆ ಹೆಸರಿನ ಪಟ್ಟಿ. ಅದಕ್ಕೊಂದು ನೀರಿನ ನಳಿಗೆ, ಮೇಲೊಂದು ದೀಪ. ಮಳೆ ಮುಗಿದ ಮೇಲೆ ಬಿತ್ತಿದರೆ ಬರೀ ಇಬ್ಬನಿ ಕುಡಿದು, ಎರೆಮಣ್ಣಿನ ಬಿರುಕಿನಲ್ಲಿ ಎದ್ದುನಿಲ್ಲುವ ನಮ್ಮ ಬಿಳಿಜೋಳ ನೆನಪಾಗಿ ನನಗೆ ನಗು ಬಂತು. ಅತ್ತೆ ನಗಲಿಲ್ಲ. ದಂಟಿನ ಎಲೆ ಸವರಿದರು.

"ಒಂದ ನಿಂತೈತಿ. ಜೋಡಿಗಿ ಯಾರೂ ಇಲ್ಲ."

ಹೊರಬೀಳುವಾಗ ಬಾಗಿಲಲ್ಲಿ ನಿಂತು ಅದನ್ನು ಮತ್ತೊಮ್ಮೆ ತಿರುಗಿ ನೋಡಿದರು. ಗಿರಿಜಾಳ ನೆನಪಿನಲ್ಲಿ ಇದ್ದಾರೆ ಎಂದು ನನಗೆ ಗೊತ್ತಾಯಿತು. ಗೊತ್ತಿದ್ದೂ ನಾನು ಮರುದಿನ ಅಂಥ ಕೆಲಸ ಮಾಡಿದೆ.

ಬೆಳಕಿನ ಮೇಜು

ಮೂರು ದಿನ ಮುಗಿದ ಬೆಳಿಗ್ಗೆ ಹೆಲೆನ್ ನನ್ನೊಬ್ಬಳನ್ನೇ ಒಳಗೆ ಕರೆದರು. ಕೆಳಗಿನಿಂದ ಬೆಳಕು ಬರುವ ಒಂದು ಗಾಜಿನ ಮೇಜಿನ ಮೇಲೆ ಕೌದಿ ಹಾಸಿತ್ತು. ಪದರು ಪದರಾದ ಸೀರೆಗಳು ಬೆಳಕಿಗೆ ತಿಳಿಯಾಗಿ, ಕೊನೆಯ ಮೂಲೆಯಲ್ಲಿ ಮಾತ್ರ ಕಪ್ಪಗೊಂದು ತುಣುಕು ಕಾಣುತ್ತಿತ್ತು. ಅದರ ಸುತ್ತ ಸಣ್ಣ ಸಣ್ಣ ತೂತು.

"ಆಹಾರವಿದ್ದಂತಿದೆ," ಎಂದರು ಹೆಲೆನ್. "ಹುಳ ಹಿಡಿದಿತ್ತು. ಅವು ಸತ್ತಿವೆ, ಆದರೆ ತಿನ್ನಲು ಇದ್ದರೆ ಮತ್ತೆ ಬರುತ್ತವೆ. ಅದನ್ನು ತೆಗೆಯದೆ ಕೋಣೆಯೊಳಗೆ ಬಿಡಲಾರೆ. ಒಂದು ಬೆರಳಿನಷ್ಟು ಹೊಲಿಗೆ ಬಿಚ್ಚಿ, ತೆಗೆದು, ಮತ್ತೆ ಹೊಲಿದುಕೊಡುತ್ತೇನೆ. ಆದರೆ ಇದು ಅವರ ಕೌದಿ. ಬೇಡ ಎಂದರೆ ಮುಟ್ಟುವುದಿಲ್ಲ, ಪ್ರದರ್ಶನಕ್ಕೆ ಇಡುವುದಿಲ್ಲ ಅಷ್ಟೆ. ದಯವಿಟ್ಟು ಅವರನ್ನು ಕೇಳಿ ಬನ್ನಿ."

ನಾನು ಬಾಗಿಲವರೆಗೆ ಹೋದೆ. ಗಾಜಿನ ಆಚೆ ಅತ್ತೆ ಒಂದು ಬೆಂಚಿನ ಮೇಲೆ ಕೂತು, ಇಬ್ಬರು ಹುಡುಗಿಯರಿಗೆ ಸೂಜಿಗೆ ದಾರ ಪೋಣಿಸುವುದನ್ನು ತೋರಿಸುತ್ತಿದ್ದರು. ಕೇಳಿದರೆ ಏನಾಗುತ್ತದೆ ಎಂಬುದೆಲ್ಲ ನನ್ನ ಕಣ್ಣಮುಂದೆ ಬಂತು. ಅತ್ತೆ ದನಿ ಏರಿಸುತ್ತಾರೆ. ಕೌದಿ ಕಿತ್ತುಕೊಂಡು ಗಂಟು ಕಟ್ಟುತ್ತಾರೆ. ಈ ಓದಿದ ಜನ ನಮ್ಮನ್ನು ಬಟ್ಟೆಯೊಳಗೆ ರೊಟ್ಟಿ ಬಚ್ಚಿಡುವ ಕಾಡುಜನ ಅಂದುಕೊಳ್ಳುತ್ತಾರೆ. ನನ್ನ ಹೆಸರಿನ ಬರಹ ಹೋಗುತ್ತದೆ. ಇಷ್ಟನ್ನೂ ನಿಂತಲ್ಲೇ ಲೆಕ್ಕ ಹಾಕಿದೆ. ಬಾಗಿಲು ತೆರೆಯಲಿಲ್ಲ. ತಿರುಗಿ ಬಂದೆ.

"ಆಗಲಿ ಅಂತಾರೆ," ಎಂದೆ.

ಅದು ಸೋಸಿದ ಮಾತೂ ಆಗಿರಲಿಲ್ಲ. ಬರೀ ಸುಳ್ಳು.

ಹೆಲೆನ್ ಕನ್ನಡಕ ಏರಿಸಿ, ಚಿಕ್ಕ ಕತ್ತರಿಯಿಂದ ಗಿರಿಜಾಳ ಹೊಲಿಗೆಗಳನ್ನು ಒಂದೊಂದಾಗಿ ಕತ್ತರಿಸಿದರು. ಎಷ್ಟು ಮರ್ಯಾದೆಯಿಂದ ಮಾಡಿದರೆಂದರೆ ನನಗೆ ಅಲ್ಲಿ ನಿಂತು ನೋಡುವುದೇ ಕಷ್ಟವಾಯಿತು. ತುಣುಕನ್ನು ಒಂದು ಪುಟ್ಟ ಗಾಜಿನ ಸೀಸೆಗೆ ಹಾಕಿ ಚೀಟಿ ಹಚ್ಚಿದರು. ಕತ್ತರಿಸಿದ ದಾರದ ಎಳೆಗಳನ್ನೂ ಅದರಲ್ಲೇ ಇಟ್ಟರು.

ಗ್ರಂಥಾಲಯದ ಮೆಟ್ಟಿಲು

ಮಧ್ಯಾಹ್ನ ಕೌದಿ ಅತ್ತೆಯ ಕೈಗೆ ಬಂತು. ಇನ್ನು ಭಯವಿಲ್ಲ, ಪ್ರದರ್ಶನದವರೆಗೆ ನಿಮ್ಮ ಬಳಿಯೇ ಇರಲಿ ಎಂದು ಹೆಲೆನ್ ತಂದುಕೊಟ್ಟು ಹೋದರು. ಅತ್ತೆ ಅದನ್ನು ಮೂಸಿದರು, ತಣ್ಣಗಿದೆ ಎಂದು ನಕ್ಕರು, ಕೈ ತಾನಾಗಿಯೇ ಮೂಲೆಗೆ ಹೋಯಿತು. ಬೆರಳು ಅಲ್ಲಿಯೇ ನಿಂತಿತು. ಹೆಲೆನ್ ಹಾಕಿದ್ದ ಹೊಲಿಗೆ ಮುತ್ತು ಪೋಣಿಸಿದಂತೆ ಸಮನಾಗಿತ್ತು.

"ಇದು ನನ್ನ ಮಗಳ ಕೈ ಅಲ್ಲ," ಎಂದರು.

ನಾನು ಎಲ್ಲ ಹೇಳಿದೆ. ಹುಳದ್ದು, ಮೇಜಿನದ್ದು, ಸೀಸೆಯದ್ದು. ಅವರನ್ನು ಕೇಳಿ ಬರಲು ನನ್ನನ್ನು ಕಳಿಸಿದ್ದು, ನಾನು ಬಾಗಿಲಿಂದಲೇ ತಿರುಗಿ ಹೋದದ್ದು. ಬೈಯುತ್ತಾರೆ ಎಂದು ಕಾದೆ. ಅತ್ತೆ ಕೌದಿ ಮಡಚಿ ಬಗಲಲ್ಲಿಟ್ಟುಕೊಂಡು ಎದ್ದು ಹೋದರು.

ಗುರುತು ಪರಿಚಯವಿಲ್ಲದ ಊರಿನಲ್ಲಿ, ಮಾತು ಬಾರದ ಮುದುಕಿ. ಹತ್ತು ನಿಮಿಷ ಬಿಟ್ಟು ನಾನು ಹುಡುಕುತ್ತ ಓಡಿದೆ. ಹುಲ್ಲಿನ ಅಂಗಳವನ್ನು ನೆಟ್ಟಗೆ ಅಡ್ಡ ಹಾಯ್ದೆ, ಯಾರಾದರೂ ಏನಾದರೂ ಅನ್ನಲಿ ಎಂದು. ಅವರು ಹಳೆಯ ಗ್ರಂಥಾಲಯದ ಮೆಟ್ಟಿಲ ಮೇಲೆ ಕೂತಿದ್ದರು. ಆ ಮೆಟ್ಟಿಲುಗಳು ಓದುವವರ ಕಾಲಿಗೆ ಸವೆದು ನಡುವೆ ತಟ್ಟೆಯಂತೆ ತಗ್ಗು ಬಿದ್ದಿವೆ. ನೋಡಲು ಬಂದವರು ಅದರ ಫೋಟೋ ತೆಗೆಯುತ್ತಾರೆ. ಅತ್ತೆ ಆ ತಗ್ಗಿನಲ್ಲಿ ಅಂಗೈ ಇಟ್ಟುಕೊಂಡಿದ್ದರು.

"ಕಲ್ಲು ಸವೆದದ್ದನ್ನ ತಿದ್ದಿಲ್ಲ ನೋಡು ಇವರು," ಎಂದರು. "ಹಂಗ ಬಿಟ್ಟಾರ."

ನಾನು ಪಕ್ಕದಲ್ಲಿ ಕೂತು ಅತ್ತುಬಿಟ್ಟೆ. "ತಪ್ಪಾತ್ರಿ ಅತ್ತ್ಯಾರ."

"ನಾ ಬಂದ ದಿನದಿಂದ ನೋಡಾಕತ್ತೇನಿ. ನಾ ಇಷ್ಟುದ್ದ ಮಾತಾಡಿದ್ರ ನೀ ಗೇಣುದ್ದ ಹೇಳ್ತಿ. ಆ ಬಾಯಾರು ನಗಬಾರದ ಮಾತಿಗಿ ನಗ್ತಾರ. ನನಗ ಇಂಗ್ಲಿಷ್ ಬರೂದಿಲ್ಲ, ಮಾರಿ ನೋಡಾಕ ಬರ್ತೈತಿ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ಎಲ್ಲಾ ಹೋಗ್ಲಿ. ಇದೊಂದರ ಕೇಳಬೇಕಿತ್ತು."

ಆ ಮೇಲೆ ಪ್ರದರ್ಶನದವರೆಗೂ ಅವರು ನನ್ನೊಂದಿಗೆ ಉಂಡರು, ನಡೆದರು, ಬೇಕಾದ ಮಾತಷ್ಟೇ ಆಡಿದರು. ಹುಡುಗಿಯರ ನಡುವೆ ಕೂತು ಹೊಲಿಗೆ ನಡೆಸಿದರು. ಹೆಲೆನ್‌ಗೆ ನಾನು ನನ್ನ ಸುಳ್ಳಿನ ವಿಷಯ ಹೇಳಲಿಲ್ಲ. ಹೇಳಬೇಕು ಎಂದು ಎರಡು ಸಲ ಅವರ ಕೋಣೆಯ ಮುಂದೆ ಹೋಗಿ ಬಂದೆ.

ಕೊನೆಯ ಮಧ್ಯಾಹ್ನ

ಪ್ರದರ್ಶನದ ದಿನ ಬಟ್ಟೆಗಳ ಕೋಣೆಯಲ್ಲಿ ಮೂವತ್ತು ನಲವತ್ತು ಜನ ಸೇರಿದ್ದರು. ವಿದ್ಯಾರ್ಥಿಗಳು, ಪ್ರೊಫೆಸರುಗಳು, ಊರಿನ ಮುದುಕಿಯರು. ಅತ್ತೆಯ ಕೌದಿ ಗೋಡೆಯ ಮೇಲೆ ತೂಗಿತ್ತು, ಕೆಳಗೆ ಗಿರಿಜಾಳ ರೊಟ್ಟಿಯ ಕತೆ ಹೇಳಿ ನಾನು ಬರೆದ ಬರಹ, ಅದರ ಕೊನೆಗೆ ನನ್ನ ಹೆಸರು. ನಾನು ಅದರ ಕಡೆ ನೋಡದೆ ನಿಂತಿದ್ದೆ. ಸೀಸೆ ಪಕ್ಕದ ಮೇಜಿನ ಮೇಲಿತ್ತು. ತಮ್ಮ ಮಗಳ ಊಟದ ತುಣುಕನ್ನು ತೆಗೆಯಲು ಒಪ್ಪಿದ ತಾಯಿಗೆ ನಾವು ಋಣಿ ಎಂದು ಹೆಲೆನ್ ಎಲ್ಲರೆದುರು ಹೇಳಿದರು. ಅದೆಷ್ಟು ದೊಡ್ಡ ಮನಸ್ಸು ಎಂದು ಸೇರಿಸಿ, ನೀವೂ ಎರಡು ಮಾತು ಹೇಳಿ ಎಂದು ಅತ್ತೆಯ ಕಡೆ ಕೈ ಚಾಚಿದರು.

ನಾನು ಆ ಮಾತುಗಳನ್ನು ಒಂದೂ ಬಿಡದೆ ಅತ್ತೆಗೆ ಹೇಳಿದೆ. ದೊಡ್ಡ ಮನಸ್ಸು ಎನ್ನುವುದನ್ನೂ.

ಅತ್ತೆ ಎದ್ದು ಸೆರಗು ಸರಿಮಾಡಿಕೊಂಡರು. ನನ್ನ ಕಡೆ ತಿರುಗಿದರು.

"ಈಗ ನಾ ಹೇಳಿದ್ದ ಹೇಳು. ಬೆಲ್ಲಾ ಹಚ್ಚಬ್ಯಾಡ."

"ಹೂಂರಿ."

"ಈ ಮೂಲಿ ನನ್ನ ಮಗಳು ಹೊಲಿದಿದ್ಲು. ಸೊಟ್ಟ ಹೊಲಿದಿದ್ಲು."

ಹೇಳಿದೆ. ಕೆಲವರು ನಕ್ಕರು, ಪ್ರೀತಿಯಿಂದ.

"ಒಳಗ ಇದ್ದದ್ದು ಆಕಿ ತಿಂದು ಬಿಟ್ಟ ರೊಟ್ಟಿ. ಅದನ್ನ ತಗ್ಯಾಕ ನಾ ಒಪ್ಪಿದ್ದಿಲ್ಲ."

ಅದನ್ನೂ ಇದ್ದಂತೆಯೇ ಹೇಳಿದೆ. ಹೆಲೆನ್ ಮುಖ ಬಿಳುಚಿಕೊಂಡಿತು. ಅತ್ತೆ ಅವರ ಕಡೆ ಕೈ ಎತ್ತಿ ತಡೆದರು.

"ಈ ಬಾಯಾರದು ತಪ್ಪಿಲ್ಲ. ಅವರು ಕೇಳಿಕೊಂಡು ಬಾ ಅಂತ ಕಳಿಸ್ಯಾರ. ನನ್ನ ಸೊಸಿ ನನ್ನ ಕೇಳಲಿಲ್ಲ. ನಾ ಒಪ್ಪೇನಿ ಅಂತ ತಾನ ಹೇಳಿದ್ಲು."

ಮಾತು ತಿಳಿಸುವವರು ಆಡಿದವರ ಬಾಯಾಗಿಯೇ ಆಡಬೇಕು. ನನ್ನ ಸೊಸೆ ನನ್ನನ್ನು ಕೇಳಲಿಲ್ಲ ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ನಾನು ಒಪ್ಪಿದ್ದೇನೆಂದು ಅವಳೇ ಹೇಳಿದಳು ಎಂದೆ. ಆ ಸೊಸೆ ಯಾರೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನನ್ನ ಕಿವಿಗಳು ಕಾದ ಹಂಚಿನಂತೆ ಬಿಸಿಯಾಗಿದ್ದವು. ನಲವತ್ತು ಜನರ ಮುಂದೆ ಬೆತ್ತಲೆ ನಿಂತಂತಾಗಿತ್ತು.

ಮುಗಿಯಿತು ಎಂದುಕೊಂಡೆ. ಅತ್ತೆ ಸೀಸೆಯನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದರು. ತುಣುಕನ್ನು ನೋಡಿದರು, ದಾರದ ಎಳೆಗಳನ್ನು ನೋಡಿದರು. ಅಲ್ಲಿಂದ, ಆಚೆ ಖಾನೆಯಲ್ಲಿದ್ದ ಹೆಸರಿಲ್ಲದ ಕೂಸಿನ ಕುಂಚಿಗೆಯ ಕಡೆಗೆ ಅವರ ಕಣ್ಣು ಹೋಯಿತು.

"ಇವರ ಮನಿಯಾಗೂ ಸತ್ತವರ ಅರಿವಿ ಅದಾವ," ಎಂದರು. "ಅವಕ್ಕ ಹುಳಾ ಹತ್ತಬಾರದು. ಅಷ್ಟು ನನಗೂ ತಿಳಿತೈತಿ."

ಅದನ್ನೂ ಹೇಳಿದೆ.

ಅತ್ತೆ ಈಗ ನನ್ನನ್ನೇ ನೋಡುತ್ತಿದ್ದರು. ದನಿ ತಗ್ಗಿತು.

"ಕೇಳಿದ್ರ ನಾನ ಬಿಚ್ಚಿ ಕೊಡ್ತಿದ್ದೆ, ಶೈಲಾ. ನನ್ನ ಕೈಯಾರೆ ಬಿಚ್ಚಿ ಕೊಡ್ತಿದ್ದೆ."

ಅದು ಸಭೆಗೆ ಹೇಳಿದ ಮಾತೋ ನನಗೊಬ್ಬಳಿಗೇ ಹೇಳಿದ್ದೋ ತಿಳಿಯದೆ ಅವರ ಮುಖ ನೋಡಿದೆ. ಎಲ್ಲರೂ ಕಾಯುತ್ತಿದ್ದರು.

"ಹೇಳು," ಎಂದರು ಅತ್ತೆ. "ಅದನ್ನೂ ಹೇಳು."

ಹೇಳಿದೆ.